ಕಟ್ಟದ ನೀರಿನ ವಾರಿಜಕ್ಕ

ವಾರಿಜಾಕ್ಷಿ ಎಂಬ ಹೆಸರು ದೇವಕಿಯ ಕಿವಿಗೆ ಮೊದಲು ಬಿದ್ದದ್ದೇ ಒಂದು ಸಾವಿನ ಸುದ್ದಿಯ ಜೊತೆಗೆ. ಒಣಮೀನು ಮಾರುವ ಕುಂಞಿಪಾತುಮ್ಮ ಐವರ್ನಾಡಿನ ದೇವಕಿಯ ಮನೆಯ ಅಂಗಳದಲ್ಲಿ ಬುಟ್ಟಿ ಇಳಿಸಿ ಮೀನು ಆರಿಸಿ ಕೊಡುತ್ತಿದ್ದವಳು, ಒಳಗೆ ಅತ್ತೆ ಇದ್ದಾರೋ ಎಂದು ಇಣುಕಿ ನೋಡಿ ಸ್ವರ ತಗ್ಗಿಸಿದಳು.

"ಕೇಳಿದ್ರಾ ದೇವಕ್ಕ? ಅಚ್ಚುತಣ್ಣನ ಅಕ್ಕ ವಾರಿಜಾಕ್ಷಿ ಉಂಟಲ್ಲ, ಬೊಂಬಾಯಿಂದ ಬಂದವಳು. ಹೊಳೆ ಆಚೆಯ ಒಂದು ಮಗುವನ್ನು ಕಟ್ಟದ ನೀರಿಗೆ ಇಳಿಸಿದ್ಳಂತೆ. ಮಗು ಹೋಯ್ತಂತೆ."

"ಹೋಯ್ತು ಅಂದ್ರೆ?"

"ಹೋಯ್ತು ಅಂದ್ರೆ ಹೋಯ್ತು ಮಾರಾಯ್ತಿ. ಮತ್ತೆಂತ, ಪುತ್ತೂರು ಪೇಟೆಗೆ ಹೋದದ್ದಾ?"

ದೇವಕಿಗೆ ನಗು ಬರಲಿಲ್ಲ. ಅಂಗಳದಲ್ಲಿ ಅವಳ ಮಗಳು ವಸುಮತಿ ಕೋಳಿಮರಿಯ ಹಿಂದೆ ಓಡುತ್ತಿದ್ದಳು. ಅವಳನ್ನು ಕರೆದು, ಏನೂ ಕಾರಣ ಹೇಳದೆ ಸೆರಗಿನೊಳಗೆ ಹಾಕಿಕೊಂಡಳು.

ದೇವಕಿ ಗುಡ್ಡದ ಮೇಲಿನ ಮನೆಯಲ್ಲಿ ಹುಟ್ಟಿದವಳು. ಬಾವಿಯಿಂದ ಸೇದಿದ ನೀರು ಬಿಟ್ಟರೆ ಬೇರೆ ನೀರಿನ ಪರಿಚಯ ಇರಲಿಲ್ಲ. ಜತ್ತಪ್ಪನನ್ನು ಮದುವೆಯಾಗಿ ತೋಡು ಎಂಬ ಸಣ್ಣ ಹಳ್ಳದ ಬದಿಯ ಈ ಮನೆಗೆ ಬಂದ ಮೇಲೂ ಬಟ್ಟೆ ಒಗೆಯಲು ಹೋದರೆ ಕಲ್ಲಿನ ಮೇಲೆಯೇ ನಿಂತು ಒಗೆದು ಬರುವವಳು. ಪಾದ ಮುಳುಗಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅದರಲ್ಲೂ ಕಟ್ಟದ ನೀರು ಎಂದರೆ ಕೇಳುವುದೇ ಬೇಡ. ಮಳೆ ನಿಂತು ತೋಡು ಸೊರಗಿದ ಮೇಲೆ ಊರಿನವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ತುಂಬಿ ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು. ಬೇಸಗೆಯಲ್ಲಿ ತೋಟಗಳಿಗೆ ಅದೇ ಆಧಾರ. ಅಲ್ಲಿಯವರೆಗೆ ಗಲಗಲ ಎನ್ನುತ್ತಿದ್ದ ತೋಡು ಆ ಜಾಗದಲ್ಲಿ ಹಸಿರಾಗಿ, ಬಾಯಿ ಮುಚ್ಚಿಕೊಂಡು ನಿಂತುಬಿಡುತ್ತಿತ್ತು. ಸದ್ದು ಮಾಡುವ ನೀರಿಗಿಂತ ಆ ಸದ್ದಿಲ್ಲದ ನೀರಿಗೆ ದೇವಕಿ ಹೆದರುತ್ತಿದ್ದಳು. ಈಗ ಅದರ ಜೊತೆಗೆ ಒಂದು ಹೆಸರೂ ಸೇರಿತು.

ಐವತ್ತೇಳನೆಯ ಇಸವಿಯ ಮಳೆಗಾಲದಲ್ಲಿ ವಸುಮತಿಗೆ ಜ್ವರ ಬಂತು. ಕುತ್ತಿಗೆ ನೋವು, ಬೆನ್ನು ನೋವು ಎಂದು ಅತ್ತಳು. ಜ್ವರ ಇಳಿದ ಬೆಳಿಗ್ಗೆ ಎದ್ದು ನಿಲ್ಲಲು ಹೋದವಳು ಒದ್ದೆ ಬಟ್ಟೆಯ ಹಾಗೆ ಕುಸಿದಳು. ಎಡಗಾಲು ಸ್ವಲ್ಪ ಅಲ್ಲಾಡುತ್ತಿತ್ತು, ಬಲಗಾಲು ಏನೂ ಇಲ್ಲ. ಜತ್ತಪ್ಪ ಅವಳನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿಸಿ ಪುತ್ತೂರಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡಲಿಲ್ಲ. "ಇದು ಪೋಲಿಯೊ. ಬಂದು ಆಗಿದೆ, ಇನ್ನು ಮದ್ದಿಲ್ಲ. ಕಾಲು ಒಣಗದ ಹಾಗೆ ಆಡಿಸುತ್ತಾ ಇರಬೇಕು. ನೀರಿನಲ್ಲಿ ಆಡಿಸಿದರೆ ಬೇಗ ಚೇತರಿಸೀತು. ಆದರೆ ಗೊತ್ತಿಲ್ಲದವರ ಕೈಗೆ ಕೊಡಬೇಡಿ" ಎಂದರು.

ಮನೆಯಲ್ಲಿ ಅತ್ತೆ ನೀರು ಎಂಬ ಮಾತನ್ನು ಮಾತ್ರ ಹಿಡಿದುಕೊಂಡರು. ಬಾಣಂತಿಗೆ ಎರೆಯುವ ಹಾಗೆ ಹಂಡೆ ಕಾಯಿಸಿ, ಹಬೆ ಏಳುವ ನೀರನ್ನು ಚೆಂಬು ಚೆಂಬಾಗಿ ಮಗುವಿನ ಸೊಂಟಕ್ಕೆ, ಕಾಲಿಗೆ ಹೊಯ್ದರು. ವಸುಮತಿ ಮೊದಲು ಕಿರುಚಿದಳು. ಆಮೇಲೆ ಮುಖ ಕೆಂಪಗಾಗಿ, ಇದ್ದಕ್ಕಿದ್ದಂತೆ ಬೆಳ್ಳಗಾಗಿ, ತಲೆ ಪಕ್ಕಕ್ಕೆ ಬಿತ್ತು. ದೇವಕಿ ಎತ್ತಿಕೊಂಡು ಹೊರಗೆ ಓಡಿದಳು. ಗಾಳಿ ತಾಗಿ ಮಗು ಕಣ್ಣು ಬಿಡುವಷ್ಟರಲ್ಲಿ ಅವಳ ಅರ್ಧ ಜೀವ ಹೋಗಿತ್ತು.

ಅಂದು ಸಂಜೆ ಜತ್ತಪ್ಪ ಹೇಳಿದ, "ಅಚ್ಚುತನ ಅಕ್ಕನನ್ನು ಒಮ್ಮೆ ಕೇಳಿ ನೋಡುವ."

"ಆ ಮಗುವನ್ನು ಕೊಂದವಳನ್ನಾ?"

"ಕೊಂದದ್ದನ್ನು ನೀನು ನೋಡಿದ್ದಾ?"

ವಾರಿಜಾಕ್ಷಿ ಮರುದಿನವೇ ಬಂದಳು. ದೇವಕಿ ಯಾವುದೋ ಯಕ್ಷಿಯಂಥವಳನ್ನು ಎಣಿಸಿಕೊಂಡಿದ್ದಳು. ಬಂದದ್ದು ಕುಳ್ಳಗಿನ, ದಪ್ಪ ಕೈಯ, ಕೆಂಪು ಹಲ್ಲಿನ ಹೆಂಗಸು. ಕಡಬದ ಕಡೆಯಲ್ಲಿ ಹುಟ್ಟಿ, ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುವವನನ್ನು ಮದುವೆಯಾಗಿ ಅಲ್ಲಿಗೆ ಹೋದವಳು. ಗಂಡ ತೀರಿಕೊಂಡ ಮೇಲೆ ಮಕ್ಕಳ ಆಸ್ಪತ್ರೆಯೊಂದರಲ್ಲಿ ಆಯಾ ಆದಳು. ಅಲ್ಲಿ ಕಾಲು ಸೋತ ಮಕ್ಕಳನ್ನು ಬೆಚ್ಚಗಿನ ನೀರಿನ ತೊಟ್ಟಿಗೆ ಇಳಿಸುತ್ತಿದ್ದರು, ಹಿಡಿದುಕೊಳ್ಳುವ ಕೆಲಸ ಇವಳದ್ದು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷದ ಮೇಲೆ ಐವರ್ನಾಡಿನಲ್ಲಿ ನೆಲೆಸಿದ್ದ ತಮ್ಮನ ಮನೆಗೆ ಬಂದು ಸೇರಿದ್ದಳು. ಇಷ್ಟನ್ನು ಅವಳೇ, ಎಲೆ ಅಡಿಕೆ ಜಗಿಯುತ್ತಾ, ಯಾರೂ ಕೇಳದೆ ಹೇಳಿದಳು. ಆಮೇಲೆ ವಸುಮತಿಯ ಕಾಲನ್ನು ಮುಟ್ಟದೆ ಸುಮ್ಮನೆ ನೋಡುತ್ತಾ ಕೇಳತೊಡಗಿದಳು.

"ಜ್ವರ ಪೂರ್ತಿ ಬಿಟ್ಟು ಎಷ್ಟು ಸಮಯ ಆಯ್ತು? ಕಿವಿ ಸೋರುದುಂಟಾ? ಮೈಯಲ್ಲಿ ಗಾಯ, ಕಜ್ಜಿ? ಸೆಳವು, ಕೈಕಾಲು ಸೆಟೆದು ಬೀಳುದು ಉಂಟಾ?"

"ಇಲ್ಲ."

"ಸೆಳವು ಇಲ್ಲ ಅಂತ ಮಗುವಿನ ತಲೆ ಮುಟ್ಟಿ ಹೇಳಿ."

ದೇವಕಿಗೆ ಸಿಟ್ಟು ಬಂತು, ಆ ಸಿಟ್ಟಿನಲ್ಲಿ ಕೇಳಬಾರದೆಂದುಕೊಂಡದ್ದು ಬಾಯಿಗೆ ಬಂದುಬಿಟ್ಟಿತು. "ಹೊಳೆ ಆಚೆಯ ಮಗುವಿನ ಮನೆಯವರು ಯಾರ ತಲೆ ಮುಟ್ಟಿ ಹೇಳಿದ್ರು?"

ವಾರಿಜಾಕ್ಷಿಯ ಬಾಯಿ ಜಗಿಯುವುದನ್ನು ನಿಲ್ಲಿಸಿತು. ಅಂಗಳದ ಬದಿಗೆ ಹೋಗಿ ಉಗುಳಿ ಬಂದು ಕೂತಳು.

"ಅವರು ಹೇಳ್ಲಿಲ್ಲ. ಹೆಣ್ಣು ಮಗು ಅಲ್ವಾ, ಸೆಳವು ಉಂಟು ಅಂತ ಊರಿಗೆ ಗೊತ್ತಾದ್ರೆ ನಾಳೆ ಗಂಡು ಸಿಗ್ಲಿಕ್ಕಿಲ್ಲ ಅಂತ ಹೆದರಿಕೆ. ನೀರಲ್ಲಿ ನನ್ನ ಕೈಯಲ್ಲೇ ಸೆಳವು ಬಂತು. ಹಿಡ್ಕೊಂಡೆ. ಆದ್ರೂ ಶ್ವಾಸಕ್ಕೆ ನೀರು ಹೋಯ್ತು, ಆಮೇಲೆ ಜ್ವರ ಬಂತು, ಹೋಯ್ತು. ನಾನು ಕೊಂದದ್ದು ಅಂತಾರೆ. ನಾನೂ ಒಮ್ಮೊಮ್ಮೆ ಹಾಗೆಯೇ ಎಣಿಸುದು. ಅದಕ್ಕೇ ಈಗ ಮುಟ್ಟಿ ಹೇಳಿ ಅನ್ನುದು."

ದೇವಕಿ ಮಗಳ ತಲೆ ಮುಟ್ಟಿದಳು. "ಸೆಳವು ಇಲ್ಲ" ಎಂದಳು.

ಹಂಡೆಯ ನೀರಿನ ಕತೆ ಕೇಳಿ ವಾರಿಜಾಕ್ಷಿ ಅತ್ತೆಯ ಕಡೆ ತಿರುಗಿದಳು. "ಅಜ್ಜಿ, ನೀವೆಂತ ಪುಂಡಿ ಕಡುಬು ಬೇಯಿಸ್ಲಿಕ್ಕೆ ಹೊರಟದ್ದಾ? ಅಷ್ಟು ಬಿಸಿ ನೀರು ಮೈಯ ರಕ್ತವನ್ನೆಲ್ಲ ಚರ್ಮಕ್ಕೆ ಎಳೀತದೆ. ತಲೆಗೆ ಸಾಲುದಿಲ್ಲ. ಅದಕ್ಕೇ ಮಗು ಬಿದ್ದದ್ದು. ಮೈಯಷ್ಟೇ ಬೆಚ್ಚಗೆ ಇದ್ರೆ ಸಾಕು. ಮಾಘ ಕಳೀಲಿ, ಕಟ್ಟದ ನೀರನ್ನು ಬಿಸಿಲೇ ಕಾಯಿಸಿ ಕೊಡ್ತದೆ, ಸೌದೆಯೂ ಉಳೀತದೆ."

"ಊರಿನ ಮಕ್ಕಳನ್ನೆಲ್ಲ ಬೇಯಿಸದೆಯೇ ಸಾಕಿದವಳು ನಾನು" ಎಂದರು ಅತ್ತೆ. ಆದರೆ ಹಂಡೆಗೆ ಬೆಂಕಿ ಹಾಕಲಿಲ್ಲ.

ವಾರಿಜಾಕ್ಷಿ ಮಾಘದವರೆಗೆ ಕಾಲನ್ನು ನೆಲದ ಮೇಲೆಯೇ ಮೆಲ್ಲಗೆ ಮಡಚಿ ಬಿಡಿಸಲು ಹೇಳಿಕೊಟ್ಟು ಹೋದಳು. ಬಿಸಿಲು ಬಲಿತ ಮೇಲೆ ನೀರಿಗೆ ಇಳಿಸುವುದು ಮೊದಲಾಯಿತು. ಮಧ್ಯಾಹ್ನ ಇಳಿಯುವ ಹೊತ್ತು, ಊಟ ಅರಗಿದ ಮೇಲೆ. ವಾರಿಜಾಕ್ಷಿ ಮೊದಲು ಒಬ್ಬಳೇ ಇಳಿದು ಕಾಲಿನಿಂದ ತಳ ತಡವುತ್ತಿದ್ದಳು, ಕಲ್ಲು ಜಾರುತ್ತದೋ, ಕೆಳಗೆ ತಣ್ಣಗಿದೆಯೋ ಎಂದು. ಆಮೇಲೆ ಮಗುವಿನ ಎದೆಗೆ ಬೈರಾಸು ಟವಲು ಸುತ್ತಿ ಗಂಟು ಹಾಕಿ, ಹಿಂದಿನಿಂದ ಕಂಕುಳಿಗೆ ಕೈ ಕೊಟ್ಟು, ಇಷ್ಟಿಷ್ಟೇ ಇಳಿಸುವುದು. ದೇವಕಿ ದಡದ ಕಲ್ಲಿನ ಮೇಲೆ ಒಣ ಬಟ್ಟೆ ಹಿಡಿದು ನಿಲ್ಲುತ್ತಿದ್ದಳು. ನೀರು ಮಗಳ ಸೊಂಟಕ್ಕೆ ಬಂದರೆ ಇವಳ ಸೊಂಟ ತಣ್ಣಗಾಗುತ್ತಿತ್ತು, ಎದೆಗೆ ಬಂದರೆ ಇವಳಿಗೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು.

"ಇನ್ನು ಸಾಕು ವಾರಿಜಕ್ಕ, ಮೇಲೆ ಬನ್ನಿ."

"ಈಗ ಇಳಿದದ್ದಷ್ಟೇ ಮಾರಾಯ್ತಿ! ನಿನ್ನ ಕಣ್ಣು ಆಚೆ ಮಾಡು, ನಿನ್ನ ಹೆದರಿಕೆ ಅದಕ್ಕೆ ಅಂಟ್ತದೆ. ನೋಡು, ನೋಡು, ಕಾಲು ನೋಡು."

ದೇವಕಿ ನೋಡಿದಳು. ನೆಲದ ಮೇಲೆ ಮರದ ಕೊರಡಿನ ಹಾಗೆ ಬಿದ್ದಿರುತ್ತಿದ್ದ ಬಲಗಾಲು ಹಸಿರು ನೀರಿನಲ್ಲಿ ಮೆಲ್ಲಗೆ ಮೇಲೆ ಬರುತ್ತಿತ್ತು.

"ನೀರು ಅದರ ಭಾರ ಹೊತ್ಕೊಂಡಿದೆ. ನೆಲದಲ್ಲಿ ಆ ಕಾಲಿಗೆ ತನ್ನನ್ನೇ ಎತ್ತುವ ಬಲ ಇಲ್ಲ. ಇಲ್ಲಿ ಬೇಕಾದ್ದು ಬೆರಳಿನಷ್ಟು ಬಲ, ಅಷ್ಟು ಉಂಟು. ಒದಿ ಮಗಾ, ನಿನ್ನ ಅಜ್ಜಿಯನ್ನು ಒದ್ದ ಹಾಗೆ ಒದಿ!"

ವಸುಮತಿ ನಕ್ಕಳು. ಒದ್ದಳೋ, ನೀರೇ ಅಲ್ಲಾಡಿಸಿತೋ, ದೇವಕಿಗೆ ತಿಳಿಯಲಿಲ್ಲ. ತುಟಿ ನೀಲಿಯಾದರೆ, ಹಲ್ಲು ಕಟಕಟಿಸಿದರೆ ವಾರಿಜಾಕ್ಷಿ ಅರೆಗಳಿಗೆಯೂ ನಿಲ್ಲದೆ ಎತ್ತಿ ತರುತ್ತಿದ್ದಳು. ದಡಕ್ಕೆ ಬಂದ ಮಗುವನ್ನು ಕೂಡಲೇ ನಿಲ್ಲಿಸಲು ಬಿಡುತ್ತಿರಲಿಲ್ಲ. "ನೀರು ಹೊತ್ತಿದ್ದ ಭಾರವೆಲ್ಲ ಈಗ ಒಮ್ಮೆಲೇ ಅದರ ಮೇಲೆ ಬೀಳ್ತದೆ. ಕೂರಿಸು. ಉಚ್ಚೆ ಹೊಯ್ಯಿಸು, ನೀರಿನಲ್ಲಿ ಕೂತ್ರೆ ಅದು ಜಾಸ್ತಿ. ಅದಕ್ಕೇ ಬಾಯಾರ್ತದೆ. ಗಂಜಿತಿಳಿಗೆ ಉಪ್ಪು ಹಾಕಿ ಕೊಡು" ಎಂದು ದಿನಾ ಅದೇ ಮಾತು.

ಹೋಳಿ ಹುಣ್ಣಿಮೆ ಕಳೆಯುವಷ್ಟರಲ್ಲಿ ಸಂಶಯ ಹೋಯಿತು. ಬಲಗಾಲು ನೀರಿನಲ್ಲಿ ನಿಜವಾಗಿ ಒದೆಯುತ್ತಿತ್ತು. ದೇವಕಿಗೆ ಸಂತೋಷವಾದದ್ದು ಹೌದು. ಆದರೆ ಆ ಸಂತೋಷದೊಳಗೆ, ನೀರು ಇಷ್ಟು ಕೊಡುವುದು ಏನನ್ನು ಕೇಳಲಿಕ್ಕೋ ಎಂಬ ಅಳುಕು ಕೂತೇ ಇತ್ತು.

ಆ ದಿನ ಮೋಡ ಕವಿದಿತ್ತು. ವಸುಮತಿ ಬೆಳಿಗ್ಗೆ ಎರಡು ಸಲ ಸೀನಿದ್ದಳು. ಅತ್ತೆ ತೆಂಗಿನೆಣ್ಣೆ ಬೆಚ್ಚಗೆ ಮಾಡಿ ಮಗುವಿನ ಎದೆ, ಬೆನ್ನು, ಕಂಕುಳು, ಕಾಲಿಗೆಲ್ಲ ತಿಕ್ಕಿದರು. ಆ ಮನೆಯಲ್ಲಿ ಮೈಗೆ ಎಣ್ಣೆ ಬೀಳದೆ ಯಾರೂ ನೀರಿನಲ್ಲಿ ನೆನೆದವರಲ್ಲ. ಇಷ್ಟು ದಿನ ಹಾಗೆಯೇ ಕಳುಹಿಸಿದ್ದೇ ತಪ್ಪಾಯಿತು ಎಂದು ಅತ್ತೆಗೆ ಅನ್ನಿಸಿತ್ತು. ದೇವಕಿಯೂ ಕೈ ಜೋಡಿಸಿದಳು. ಥಂಡಿ ಒಳಗೆ ಹೋಗದಿರಲಿ ಎಂದು ಇನ್ನಷ್ಟು ತಿಕ್ಕಿದಳು. ಎಣ್ಣೆ ಹಚ್ಚಬೇಡಿ ಎಂದು ವಾರಿಜಾಕ್ಷಿ ಹೇಳಿರಲಿಲ್ಲ. ಬೊಂಬಾಯಿಯ ಆಸ್ಪತ್ರೆಗೆ ಎಣ್ಣೆ ಹಚ್ಚಿದ ಮಗುವನ್ನು ಯಾರು ತರುತ್ತಿದ್ದರು? ಎತ್ತಿಕೊಂಡಾಗ ವಾಸನೆ ಬಂದಿರಲೂಬಹುದು. ಆದರೆ ತೆಂಗಿನೆಣ್ಣೆಯ ವಾಸನೆ ಬಾರದ ತಲೆ ಆ ಊರಿನಲ್ಲಿ ಯಾವುದಿತ್ತು?

ನೀರು ವಾರಿಜಾಕ್ಷಿಯ ಎದೆಯ ತನಕ ಇತ್ತು. ಮಗು ಖುಷಿಯಲ್ಲಿ ಒಮ್ಮೆ ಜೋರಾಗಿ ಒದೆಯಿತು. ಮೀನು ಜಿಗಿದ ಹಾಗೆ ಕಂಡಿತು ದೇವಕಿಗೆ. ಮರುಕ್ಷಣ ವಾರಿಜಾಕ್ಷಿಯ ಕೈಯಲ್ಲಿ ಬೈರಾಸು ಮಾತ್ರ ಉಳಿದಿತ್ತು. ಹಾಕಿದ ಗಂಟು ಹಾಗೆಯೇ ಇತ್ತು, ಒಳಗೆ ಮಗು ಇರಲಿಲ್ಲ.

ನೀರಿನ ಮೇಲೆ ಎಣ್ಣೆಯ ಬಣ್ಣ ಹರಡಿತು. ಕೂಗಿಲ್ಲ, ಗುಳ್ಳೆಯಿಲ್ಲ. ವಾರಿಜಾಕ್ಷಿ ಮುಳುಗಿದಳು, ಎದ್ದಳು, ಕೈಗೆ ತೋಳು ಸಿಕ್ಕಿತು, ಜಾರಿತು. ಮತ್ತೆ ಮುಳುಗಿದಳು, ಕಾಲು ಸಿಕ್ಕಿತು, ಜಾರಿತು. ದೇವಕಿ ಕಲ್ಲಿನ ಮೇಲೆ ನಿಂತಿದ್ದಳು. ಇಳಿ, ಇಳಿ ಎಂದು ತಲೆಯೊಳಗೆ ಯಾರೋ ಬೊಬ್ಬೆ ಹಾಕುತ್ತಿದ್ದರು, ಕಾಲು ಅವಳದ್ದಾಗಿರಲಿಲ್ಲ. ಮಗಳ ಕಾಲು ಸೋತದ್ದು ಹೇಗಿರುತ್ತದೆ ಎಂದು ಅವಳಿಗೆ ಆಗ ತಿಳಿಯಿತು.

ಮೂರನೆಯ ಸಲ ವಾರಿಜಾಕ್ಷಿಯ ಬೆರಳಿಗೆ ಮಗುವಿನ ಸೊಂಟದ ಉಡಿದಾರ ಸಿಕ್ಕಿತು. ಆ ಕರಿ ನೂಲಿನಲ್ಲೇ ಎಳೆದು ಮೇಲೆತ್ತಿ, ದಡಕ್ಕೆ ತಂದು, ಪಕ್ಕಕ್ಕೆ ಮಲಗಿಸಿ ಬಾಯಿಗೆ ಬೆರಳು ಹಾಕಿದಳು. ವಸುಮತಿ ಕಾರಿದಳು, ಕೆಮ್ಮಿದಳು, ಕಡೆಗೊಮ್ಮೆ ಅತ್ತಳು. ಆ ಅಳು ಕೇಳಿದ ಮೇಲೆ ದೇವಕಿಯ ಕಾಲಿಗೆ ಜೀವ ಬಂದು ಅವಳು ಮಗುವಿನ ಮೇಲೆ ಬಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ವಾರಿಜಾಕ್ಷಿ ಕೆಸರಿನಲ್ಲೇ ಕೂತಿದ್ದಳು. ತುಟಿ ನೀಲಿ. ಉಸಿರು ಗರಗಸದ ಹಾಗೆ ಎಳೆಯುತ್ತಿತ್ತು. ತನ್ನ ಎರಡು ಅಂಗೈಯನ್ನು ಉಜ್ಜಿ, ಮೂಸಿ ನೋಡಿದಳು.

"ಎಣ್ಣೆಯಾ?"

ದೇವಕಿ ಹೌದೆಂದು ತಲೆ ಆಡಿಸಿದಳು.

"ನಾನು ಕೇಳ್ಬೇಕಿತ್ತು. ಸೆಳವು ಕೇಳಿದೆ, ಕಿವಿ ಕೇಳಿದೆ. ಎಣ್ಣೆ ಕೇಳ್ಲಿಲ್ಲ. ಇದೇ ಸೀಮೆಯಲ್ಲಿ ಹುಟ್ಟಿದವಳು, ನನಗೆ ಗೊತ್ತಿಲ್ವಾ?"

ಮನೆಗೆ ಡಾಕ್ಟರನ್ನು ಕರೆಸಿದರು. ಕೆಮ್ಮು ನಿಲ್ಲುವವರೆಗೂ ದೇವಕಿ ಮಗಳ ಎದೆಗೆ ಕಿವಿ ಇಟ್ಟುಕೊಂಡೇ ಇದ್ದಳು. ಹೊಳೆ ಆಚೆಯ ಮಗುವಿಗೆ ನೀರಿನ ಮೇಲೆ ಬಂದ ಜ್ವರ ಇವಳಿಗೂ ಬಂದರೆ? ಬರಲಿಲ್ಲ. ಆದರೆ ಜತ್ತಪ್ಪ ಅಚ್ಚುತನ ಅಂಗಳದಲ್ಲಿ ನಿಂತು ಆಡಬಾರದ್ದನ್ನೆಲ್ಲ ಆಡಿ ಬಂದ. ಅತ್ತೆ ತನ್ನ ಎಣ್ಣೆಯ ಸುದ್ದಿ ಎತ್ತದೆ, "ಮೂಲೆಯಲ್ಲಿ ಕೂತಾದ್ರೂ ಇರ್ಲಿ, ಜೀವ ಉಂಟಲ್ಲ" ಎಂದರು. ಕುಂಞಿಪಾತುಮ್ಮ ಬಂದರೂ ಆ ಹೆಸರು ಎತ್ತಲಿಲ್ಲ.

ಮಳೆ ಬಂತು, ಕಟ್ಟ ಒಡೆಯಿತು, ನೀರು ಕೆಂಪಾಗಿ ಹರಿಯಿತು. ವಸುಮತಿ ಎರಡು ಅಂಗೈ ಊರಿಕೊಂಡು ಸಗಣಿ ಸಾರಿಸಿದ ನೆಲದ ಮೇಲೆ ತೆವಳುತ್ತಿದ್ದಳು. ಅಂಗೈ ದಪ್ಪಗಾಯಿತು, ಬಲಗಾಲು ಸಪೂರವಾಯಿತು. ಎಣ್ಣೆ ಹಚ್ಚುವಾಗಲೆಲ್ಲ ದೇವಕಿಯ ಹೆಬ್ಬೆರಳಿಗೆ ಎಲುಬು ಮೊದಲಿಗಿಂತ ಬೇಗ ಸಿಗುತ್ತಿತ್ತು. ಬೆಳಿಗ್ಗೆ ದಾರಿಯಲ್ಲಿ ಮಕ್ಕಳು ಶಾಲೆಗೆ ಹೋಗುವ ಸದ್ದು ಕೇಳಿದರೆ ಮಗು ಬಾಗಿಲಿಗೆ ತೆವಳಿ ಬಂದು, ಅವರು ದಾಟುವವರೆಗೂ ಹೊಸ್ತಿಲು ಹಿಡಿದುಕೊಂಡಿರುತ್ತಿತ್ತು. ಈವರೆಗೆ ದೇವಕಿ ನೀರಿಗೆ ಮಾತ್ರ ಹೆದರಿದವಳು. ಈಗ ಆ ಹೊಸ್ತಿಲಿಗೂ ಹೆದರಿದಳು. ಮುಂದಿನ ಬೇಸಗೆ, ಅದರ ಮುಂದಿನ ಬೇಸಗೆ, ಬೆಳೆದ ಹೆಣ್ಣಾದ ಮೇಲೆಯೂ ಇದೇ ಹೊಸ್ತಿಲು.

ಊರಿನವರು ಮತ್ತೆ ಕಟ್ಟ ಹಾಕಿದ ಮೇಲೆ ಒಂದು ದಿನ ಅವಳು ಯಾರಿಗೂ ಹೇಳದೆ ಅಚ್ಚುತನ ಮನೆಗೆ ಹೋದಳು. ವಾರಿಜಾಕ್ಷಿ ಹಿಂದಿನ ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದಳು. ಪಾದ ಬಾತುಕೊಂಡು ಹೊಳೆಯುತ್ತಿತ್ತು.

"ಬಾ. ಬಯ್ಯಲಿಕ್ಕೆ ಬಂದದ್ದಾ? ನಿನ್ನ ಗಂಡ ಒಳ್ಳೆ ಮಾತೆಲ್ಲ ಮುಗಿಸಿದ್ದಾನೆ, ನಿನಗೆ ಎಂತ ಉಳೀಲಿಲ್ಲ."

"ವಾರಿಜಕ್ಕ, ಇನ್ನೊಮ್ಮೆ ಇಳಿಸ್ತೀರಾ?"

ವಾರಿಜಾಕ್ಷಿ ಬಾತ ಪಾದವನ್ನು ಬೆರಳಿನಿಂದ ಒತ್ತಿ ತೋರಿಸಿದಳು. "ನನ್ನ ಎದೆ ಕೆಟ್ಟಿದೆ ದೇವಕಿ. ನೀರಿಗೆ ಇಳಿದ್ರೆ ಕಾಲಿನ ರಕ್ತವನ್ನು ನೀರು ಎದೆಗೆ ದೂಡ್ತದೆ. ಗಟ್ಟಿ ಎದೆ ತಾಳ್ತದೆ, ನನ್ನದು ತಾಳುದಿಲ್ಲ. ಡಾಕ್ಟ್ರು ಮೊಣಕಾಲಿನ ಮೇಲೆ ನೀರು ಬರಬಾರ್ದು ಅಂದಿದ್ದಾರೆ. ಇಳಿಯುದು ನೀನು."

"ನಾನಾ? ನನ್ನಿಂದಾಗುದಿಲ್ಲ. ಆವತ್ತು ನೋಡಿದ್ರಲ್ಲ ನನ್ನನ್ನು."

"ನೋಡಿದೆ. ಅದಕ್ಕೇ ಮಗು ಇಲ್ಲದೆ ಮೊದಲು ನೀನೊಬ್ಬಳೇ ಇಳಿ. ನಾನು ದಡದಲ್ಲಿ ಇರ್ತೇನೆ. ಜತ್ತಪ್ಪ ಹತ್ತಿರ ಇರ್ಲಿ, ಈಜು ಗೊತ್ತುಂಟಲ್ಲ ಅವನಿಗೆ. ನನಗೆ ಬಯ್ದ ಬಾಯಿಗೂ ಒಂದು ಕೆಲಸ ಆಗ್ಲಿ, ಬೊಬ್ಬೆ ಹಾಕ್ಲಿಕ್ಕೆ."

ಜತ್ತಪ್ಪನನ್ನು ಒಪ್ಪಿಸಲು ದೇವಕಿ ಒಂದು ವಾರ ಮಾತು ಬಿಡಬೇಕಾಯಿತು. ಆಮೇಲೆ ಅವಳು ಇಳಿದಳು. ಒಂದು ದಿನ ಮೊಣಕಾಲಿಗೆ, ಇನ್ನೊಂದು ದಿನ ಸೊಂಟಕ್ಕೆ. ಎದೆಗೆ ಬಂದ ದಿನ ಉಸಿರು ನಿಂತ ಹಾಗಾಗಿ, ಯಾರೋ ಕೈಯಲ್ಲಿ ಅಮುಕುತ್ತಿದ್ದಾರೆ ಎಂದು ಕಿರುಚಿ ದಡಕ್ಕೆ ಓಡಿ ಬಂದಳು.

"ಅಮುಕುದು ಹೌದು" ಎಂದಳು ವಾರಿಜಾಕ್ಷಿ. "ಅದು ಭೂತ ಅಲ್ಲ, ನೀರಿನ ಭಾರ. ಎಲ್ಲರಿಗೂ ಅಮುಕ್ತದೆ, ಮಗುವಿಗೂ ಅಮುಕ್ತದೆ. ಉಸಿರನ್ನು ಮೆಲ್ಲಗೆ ಬಿಡು. ಎಳ್ಕೊಳ್ಳುದು ತನ್ನಷ್ಟಕ್ಕೆ ಆಗ್ತದೆ. ಹೋಗು."

ಹೋದಳು. ಹೆದರಿಕೆ ಹೋಗಲಿಲ್ಲ. ಆದರೂ ದಿನಾ ಹೋದಳು. ಕಡೆಗೆ ಮಗುವನ್ನು ಅವಳ ಕೈಗೆ ಕೊಟ್ಟರು. ಅತ್ತೆ ಮಾತ್ರ ಕಡ್ಲೆಹಿಟ್ಟು ಹಚ್ಚಿ ಮೊಮ್ಮಗಳ ಮೈಯ ಎಣ್ಣೆಯ ಪಸೆಯೆಲ್ಲ ಹೋಗುವಂತೆ ಉಜ್ಜಿ ಕಳುಹಿಸುತ್ತಿದ್ದರು. "ಚರ್ಮ ಕೂಡ ಹೋಗ್ತದೆ ಅಜ್ಜಿ, ಅದನ್ನು ಬಿಡಿ" ಎಂದು ವಾರಿಜಾಕ್ಷಿ ತಮಾಷೆ ಮಾಡಿದರೂ ಅತ್ತೆ ನಗುತ್ತಿರಲಿಲ್ಲ.

ಆ ಬೇಸಗೆಯ ಕೊನೆಗೆ, ತೋಟಕ್ಕೆ ನೀರು ಬಿಟ್ಟು ಬಿಟ್ಟು ಕಟ್ಟ ಅರ್ಧ ಖಾಲಿಯಾಗಿತ್ತು. ನೀರು ಈಗ ದೇವಕಿಯ ಸೊಂಟಕ್ಕೆ, ವಸುಮತಿಯ ಎದೆಗೆ. ಬಡಗಣ ಗುಡ್ಡದ ಮೇಲೆ ಮೊದಲ ಮೋಡ ಎದ್ದಿತ್ತು. ಇನ್ನು ಹೆಚ್ಚು ದಿನ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕಟ್ಟಕ್ಕೂ, ವಾರಿಜಾಕ್ಷಿಗೂ. ಅವಳನ್ನು ಅಚ್ಚುತ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದ. ಮುಂದೆ ಬಂದ ಮಳೆಗಾಲದ ನಡುವೆ ಅವಳು ಹೋಗಿಬಿಟ್ಟಳು. ಅದಕ್ಕೆ ಮೊದಲು ದೇವಕಿ ನೋಡಲು ಹೋದಾಗ ಗುರುತು ಹಿಡಿದಳಾದರೂ ಮಾತು ಹೊರಡುತ್ತಿರಲಿಲ್ಲ. ಹಾಗಾಗಿ ಅವಳು ದೇವಕಿಯಲ್ಲಿ ಕಡೆಯದಾಗಿ ಕೇಳಿಕೊಂಡದ್ದು ಮೋಡ ಎದ್ದ ಆ ದಿನ, ದಡದಿಂದ.

ವಸುಮತಿಯ ಎರಡೂ ಪಾದ ತಳದ ಹೊಯಿಗೆಗೆ ತಾಗಿತ್ತು. ದೇವಕಿ ಅವಳ ಕಂಕುಳಿಗೆ ಕೈ ಕೊಟ್ಟು ಹಿಡಿದ ಹಿಡಿತಕ್ಕೆ ಬೆರಳಿನ ಗುರುತು ಮೂಡಿತ್ತು.

"ಅಮ್ಮ, ನೋವಾಗ್ತದೆ" ಎಂದಿತು ಮಗು.

"ದೇವಕಿ" ಎಂದು ದಡದಿಂದ ಸ್ವರ ಬಂತು. ಉಸಿರಿಗಾಗಿ ನಿಂತು, ಮತ್ತೆ ಬಂತು. "ಅದರ ಕಾಲು ನೆಲ ಹಿಡಿದಿದೆ. ನನಗೆ ಕಾಣ್ತದೆ. ಕೈ ಸಡಿಲ ಮಾಡು. ತೆಗೀಬೇಡ. ಅಲ್ಲೇ ಇಟ್ಕೊಂಡು ಸಡಿಲ ಮಾಡು."